ಸರೋವರದ ಮೇಲೊಂದು ಆಟ, ಹಿಮ್ಮೇಳ ಮಾತ್ರ ನಾಪತ್ತೆ!

2023ರ ಆಗಸ್ಟಿನಲ್ಲಿ ಅಪ್ಪನನ್ನು ಆಸ್ಟ್ರಿಯಾದ ಬ್ರೆಗೆನ್ಸ್ ಎಂಬ ಪುಟ್ಟ ಊರಿಗೆ ಕರೆದುಕೊಂಡು ಹೋಗಿದ್ದೆ. ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಪ್ರತಿ ಬೇಸಿಗೆಗೂ ಅಲ್ಲಿ ಸಂಗೀತೋತ್ಸವ. 1946ರಲ್ಲಿ ಎರಡು ದೋಣಿಗಳ ಮೇಲೆ ಶುರುವಾದದ್ದಂತೆ. ಈಗ ನೀರಿನಲ್ಲೇ ಭಾರೀ ರಂಗಮಂಚ, ಎದುರಿಗೆ ಸುಮಾರು 7,000 ಜನ ಕೂರುವಷ್ಟು ಜಾಗ. ಆ ವರ್ಷ ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’. ರಂಗವೆಂದರೆ ನೀರಿನಿಂದ ಎದ್ದು ನಿಂತ ಒಂದು ದೈತ್ಯ ಕಾಗದದ ಹಾಳೆ! ಕತ್ತಲಾಗಿ ಅದರ ಮೇಲೆ ಬಣ್ಣದ ಬೆಳಕು ಬಿದ್ದಾಗ ನಾನಂತೂ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಅಪ್ಪ ಪಕ್ಕಾ ಯಕ್ಷಗಾನದ ಮನುಷ್ಯ. ಅರ್ಧ ಗಂಟೆ ಸುಮ್ಮನಿದ್ದು ಮೆಲ್ಲಗೆ ಕೇಳಿದ, "ಅಲ್ಲ ಮಾರಾಯ, ಹಿಮ್ಮೇಳ ಎಲ್ಲಿದೆ?"

ವಾದ್ಯದವರೆಲ್ಲ ಕೂತಿದ್ದು ಹಿಂದಿನ ಕಟ್ಟಡದೊಳಗೆ. ನಮಗೆ ಕೇಳುವುದು ಸ್ಪೀಕರಿನಲ್ಲಿ. ಇದನ್ನು ಹೇಳಿದ್ದೇ ತಡ, ಅಪ್ಪನ ಉತ್ಸಾಹ ಅರ್ಧ ಇಳಿದುಹೋಯಿತು.

ಆಗ ಸಿಟ್ಟು ಬಂದಿತ್ತು (ಟಿಕೆಟ್ಟಿಗೆ ಕೊಟ್ಟ ದುಡ್ಡು ನೆನಪಾಗಿ :-)). ಈಗ ಅಪ್ಪನದ್ದೇ ಸರಿ ಅನ್ನಿಸುತ್ತಿದೆ. ನಮ್ಮ ಬಯಲಾಟದಲ್ಲಿ ಭಾಗವತರು ವೇಷದ ಬೆನ್ನ ಹಿಂದೆಯೇ ಕೂತಿರುತ್ತಾರೆ. ಕುಣಿತ ಬಿಸಿಯೇರಿದರೆ ಪದವನ್ನು ಮತ್ತೊಂದು ಸುತ್ತು ಎಳೆಯುತ್ತಾರೆ, ಚೆಂಡೆಯವನಿಗೆ ಅದು ಕಣ್ಣಲ್ಲೇ ಗೊತ್ತಾಗುತ್ತದೆ. ಆ ಕೊಡು-ಕೊಳ್ಳುವುದನ್ನು ನೋಡುವುದೇ ಅರ್ಧ ಆಟ. ನಮ್ಮ ಮೇಳಗಳಿಗೂ ಬಣ್ಣದ ಲೈಟು, ದೊಡ್ಡ ಸೌಂಡ್ ಸಿಸ್ಟಂ ಬಂದಿವೆ. ಬರಲಿ. ಹಿಮ್ಮೇಳವನ್ನು ಮಾತ್ರ ಯಾರೂ ಮರೆಗೆ ತಳ್ಳದಿರಲಿ.

ಕೊನೆಕೊನೆಗೆ ಹನಿ ಬಿತ್ತು. ಅಲ್ಲಿ ಕೊಡೆ ಬಿಚ್ಚುವಂತಿಲ್ಲ, ರೇನ್‌ಕೋಟೇ ಗತಿ. ಹಾಡು ನಿಲ್ಲಲಿಲ್ಲ, ನಮ್ಮ ಸಾಲಿನಲ್ಲಿ ಒಬ್ಬರೂ ಏಳಲಿಲ್ಲ.

"ಇದೊಂದನ್ನು ನಮ್ಮವರು ಕಲೀಬೇಕು ನೋಡು," ಅಂದ ಅಪ್ಪ.