ಒಗರೆಂಬ ರುಚಿ

ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟವೊಂದರಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ರಜೆಯಲ್ಲಿ ನಾರಾಯಣಖೇಡಕ್ಕೆ ಬಂದಿದ್ದನು. ಪ್ರವಾಸಿಗರಿಗೆ ಕೆಂಪು ವೈನಿನ ರುಚಿ ನೋಡುವ ಕ್ರಮವನ್ನು ತಿಳಿಸುವುದು ಅವನ ಕೆಲಸ. "ಸರ್, ಬಾಯಿ ಒಣಗಿಸುವ ಆ ರುಚಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ತೋಚುವುದಿಲ್ಲ, ಇಂಗ್ಲಿಷಿನಲ್ಲೇ ಹೇಳಿ ಮುಗಿಸುತ್ತೇನೆ" ಎಂದನು. ತೊಗರಿ ಹಸನು ಮಾಡುತ್ತ ಕುಳಿತಿದ್ದ ಅವನ ತಾಯಿ ತಲೆಯೆತ್ತದೆ, "ಒಗರು ಅನ್ನಪ್ಪಾ! ನೇರಳೆಹಣ್ಣು ತಿಂದಿಲ್ಲೇನು?" ಎಂದರು. ಹುಡುಗನು ನಾಚಿದನು. ಅವನಿಗೆ ಪಾಠ ಹೇಳಿದ ನಾವೂ ನಾಚಿದೆವು.

ಕುಡಿತದಿಂದ ಮನೆಗಳು ಹಾಳಾದುದನ್ನು ಕಣ್ಣಾರೆ ಕಂಡ ನಾವು ಪಾನವನ್ನು ಹೊಗಳಲು ಹೊರಟಿಲ್ಲ. ರುಚಿ ಪರೀಕ್ಷಿಸುವುದನ್ನೇ ವೃತ್ತಿಯಾಗಿಸಿಕೊಂಡವರು ಗುಟುಕನ್ನು ಬಾಯಲ್ಲಾಡಿಸಿ ಉಗುಳಿಬಿಡುತ್ತಾರೆ. ಅಮಲೇರಿದವನ ನಾಲಗೆಗೆ ಪರೀಕ್ಷೆ ಸಾಧ್ಯವಿಲ್ಲವಷ್ಟೆ.

ಬಹುತೇಕ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವಿರುವುದಿಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆ, ಬೀಜಗಳೊಡನೆ ಹುದುಗಲು ಬಿಟ್ಟರೆ ಕೆಂಪು ವೈನ್ ಆಗುತ್ತದೆ. ಬಣ್ಣದ ಜೊತೆಗೆ ಟ್ಯಾನಿನ್ ಎಂಬ ಒಗರಿನ ಅಂಶವೂ ಇಳಿಯುತ್ತದೆ. 1988ರಲ್ಲಿ ಸ್ಥಾಪಿತವಾದ ಗ್ರೋವರ್ ಸಂಸ್ಥೆಯು ನಂದಿಯ ತಪ್ಪಲಿನಲ್ಲಿ ಬೆಳೆಸಿದ ಕ್ಯಾಬರ್ನೆ ಸೊವಿನ್ಯೋಂ ಎಂಬ ಫ್ರೆಂಚ್ ತಳಿಯ ಕಾಳು ಚಿಕ್ಕದು, ಸಿಪ್ಪೆ ದಪ್ಪ. ಆದುದರಿಂದ ಅದರ ಒಗರು ಹೆಚ್ಚು.

ಪರೀಕ್ಷಕನು ಮೊದಲು ಲೋಟವನ್ನು ಬಿಳಿಯ ಕಾಗದದ ಮುಂದೆ ಓರೆಯಾಗಿ ಹಿಡಿದು ಬಣ್ಣ ನೋಡುತ್ತಾನೆ. ವಯಸ್ಸಾದ ವೈನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಬಳಿಕ ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸುತ್ತಾನೆ. ಕೊನೆಗೆ ಒಂದು ಗುಟುಕನ್ನು ಬಾಯೊಳಗೆಲ್ಲ ಆಡಿಸಿ ಸಿಹಿ, ಹುಳಿ, ಒಗರುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾನೆ. ಟ್ಯಾನಿನ್ನು ಲಾಲಾರಸದ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ನಾಲಗೆಯ ಜಾರುತನ ಹೋಗಿ ಬಾಯಿ ಒಣಗಿದಂತಾಗುತ್ತದೆ. ಇದೇ ಒಗರು.

ಇದನ್ನು ತಿಳಿಯಲು ವೈನೇ ಬೇಕಿಲ್ಲ. ಹಾಲಿಲ್ಲದ ಗಟ್ಟಿ ಚಹವನ್ನು ಒಂದು ಗುಟುಕು ಕುಡಿದು, ಅನಂತರ ಹಾಲು ಬೆರೆಸಿ ಕುಡಿದು ನೋಡಿರಿ. ಟ್ಯಾನಿನ್ನನ್ನು ಹಾಲಿನ ಪ್ರೋಟೀನು ಹಿಡಿದುಕೊಂಡು ಒಗರು ತಗ್ಗಿರುತ್ತದೆ. ಪಾಶ್ಚಾತ್ಯರು ಕೆಂಪು ವೈನಿನೊಡನೆ ಚೀಸ್, ಮಾಂಸಗಳನ್ನು ತಿನ್ನುವುದರ ಹಿಂದೆಯೂ ಈ ಮರ್ಮವುಂಟು. ನಮ್ಮ ಆಯುರ್ವೇದವಂತೂ ಇದನ್ನು ಕಷಾಯವೆಂದು ಕರೆದು ಷಡ್ರಸಗಳಲ್ಲಿ ಸೇರಿಸಿದೆ.

1956ರವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿದ ಮೇಲೆ ನಮ್ಮ ಮಕ್ಕಳ ಶಾಲೆಯ ಮಾತು ತೆಲುಗಾಯಿತು. ತೆಲುಗರು ಇದೇ ರುಚಿಯನ್ನು ವಗರು ಎನ್ನುತ್ತಾರೆ. ಇವು ಒಡಹುಟ್ಟಿದ ಮಾತುಗಳು. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ. ನಮಗೆ ಚಿಂತೆಯಾಗಿರುವುದು ಬೇರೆ: ಎರಡೂ ತಿಳಿಯದೆ "ಒಂಥರಾ ಇದೆ" ಎಂದು ಮುಗಿಸುವ ಮಕ್ಕಳು ಹೆಚ್ಚುತ್ತಿದ್ದಾರೆ. ಹೆಸರಿಲ್ಲದ ರುಚಿಯನ್ನು ನಾಲಗೆ ಬೇಗ ಮರೆಯುತ್ತದೆ.

ಮಳೆಗಾಲದ ಮೊದಲಿಗೆ ನೇರಳೆಹಣ್ಣು ಬರುತ್ತದೆ. ತಾಯಂದಿರು ಒಂದು ಹಿಡಿ ತಂದು ಮಕ್ಕಳಿಗೆ ಕೊಟ್ಟು, ಯಾವ ರುಚಿಯೆಂದು ಕೇಳಲಿ. ಉತ್ತರ ಬಾರದಿದ್ದರೆ, ಆ ತಾಯಿಯಂತೆ ತಾವೇ ಹೇಳಿಕೊಡಲಿ.