ಕೇಳಿದ್ದಕ್ಕೆ ಉತ್ತರ ಕೊಡಿ

ಈ ವಾರ ಬೆಳಗಿನ ಹೊತ್ತು ಒಂದು ನೇರ ಫೋನ್-ಇನ್ ಕಾರ್ಯಕ್ರಮ ಕೇಳಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಮಲೆನಾಡಿನ ಹೆಣ್ಣುಮಗಳೊಬ್ಬರು ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದರು. ‘ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ ಹೊಡೆಸಿದ್ವಿ ಸರ್. ಒಂದೂವರೆ ತಿಂಗಳಾಯ್ತು, ಮಳೆ ಬಿಡ್ತಾ ಇಲ್ಲ. ಎರಡನೇ ಸಲಕ್ಕೆ ಬಿಸಿಲು ಬರೋವರೆಗೂ ಕಾಯಬೇಕಾ, ಇಲ್ಲಾ ಸ್ವಲ್ಪ ಹೊತ್ತು ಹೊಳವಾದ್ರೂ ಹೊಡೆಸಬಹುದಾ?’ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಪ್ರಶ್ನೆ ಕೇಳಲಾರರು.

ತಜ್ಞರು ಶುರು ಮಾಡಿದರು. ಶಿಲೀಂಧ್ರದ ಹೆಸರು ಬಂತು, ಅದು ಹರಡುವ ಬಗೆ ಬಂತು, ಹವಾಮಾನ ಬದಲಾವಣೆ ಬಂತು, ಇಲಾಖೆಯ ಯೋಜನೆಗಳು ಬಂದವು. ಕೊನೆಗೆ, ‘ರೈತರು ಸಮಗ್ರ ರೋಗ ನಿರ್ವಹಣಾ ಕ್ರಮಗಳನ್ನು ಅನುಸರಿಸಬೇಕು, ಹೆಚ್ಚಿನ ಮಾಹಿತಿಗೆ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಬೇಕು’ ಎಂದರು. ಆಕೆ ‘ಅಲ್ಲಿಗೆ ಹೋಗಿಯೇ ಬಂದೆ ಸರ್’ ಅನ್ನುವಷ್ಟರಲ್ಲಿ ಕರೆ ಕಡಿತವಾಯಿತು. ನಿರೂಪಕರು ಧನ್ಯವಾದ ಹೇಳಿ ಮುಂದಿನ ಕರೆ ತೆಗೆದುಕೊಂಡರು.

ಆಕೆಗೆ ಬೇಕಾಗಿದ್ದ ಉತ್ತರ ಒಂದು ನಿಮಿಷದ್ದು. ಮೊದಲ ಸಿಂಪಡಣೆಯಾದ 40–45 ದಿನಕ್ಕೆ ಎರಡನೆಯದು ಆಗಲೇಬೇಕು. ಮಳೆ ಮುಂದುವರಿದರೆ ಮೂರನೆಯದೂ ಬೇಕು. ಬಿಸಿಲಿಗೆ ಕಾದು ಕೂತರೆ ಆ ಹೊತ್ತಿಗೆ ಗೊನೆಯೇ ಇರುವುದಿಲ್ಲ. ದ್ರಾವಣ ಗೊನೆಯ ಮೇಲೆ ಒಣಗುವಷ್ಟು ಹೊಳವು ಸಿಕ್ಕರೆ ಹೊಡೆಸಿಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಸ್ವಚ್ಛವಾದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು. ಕತ್ತಿಗೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸೇರಿಸಬೇಕು. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು. ಉದುರಿದ ಕೊಳೆಗಾಯಿಗಳನ್ನು ಹೆಕ್ಕಿ ತೋಟದಿಂದ ಆಚೆ ಹಾಕಬೇಕು. ಇಷ್ಟೇ.

ಇದರಲ್ಲಿ ಹೊಸ ಸಂಶೋಧನೆ ಏನೂ ಇಲ್ಲ. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿ ನೂರು ವರ್ಷ ದಾಟಿತು. ಭಾಷೆ ಬಾರದ ಊರಿಗೆ ಬಂದವರು ತೋಟದವರ ಪ್ರಶ್ನೆಗೆ ಉತ್ತರ ಹುಡುಕಿಕೊಟ್ಟರು. ಆ ಉತ್ತರವನ್ನು ನಮ್ಮದೇ ಭಾಷೆಯಲ್ಲಿ, ನಮ್ಮದೇ ವಿಶ್ವವಿದ್ಯಾಲಯಗಳಲ್ಲಿ ಓದಿದವರು ಇವತ್ತು ಫೋನಿನಲ್ಲಿ ಹೇಳುವುದಿಲ್ಲವೆಂದರೆ ಏನನ್ನಬೇಕು?

ಇದು ಅಡಿಕೆಯ ಕಥೆ ಮಾತ್ರ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2025ರ ಜುಲೈಯನ್ನು ನೆನೆಯಿರಿ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಚಹಾ ಅಂಗಡಿ, ಬೇಕರಿ, ತರಕಾರಿ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಫಲಕಗಳು ಎದ್ದವು. ಆ ದಿನಗಳಲ್ಲಿ ಸಂಜೆ ಟಿ.ವಿ. ಹಾಕಿದರೆ ತಜ್ಞರೇ ತಜ್ಞರು. ತಪ್ಪು ಕೇಂದ್ರದ್ದೋ ರಾಜ್ಯದ್ದೋ ಎಂದು ಗಂಟೆಗಟ್ಟಲೆ ಕಾದಾಡಿದರು. ಕೆಳಗೆ ಕರೆ ಮಾಡಲು ನಂಬರ್ ಓಡುತ್ತಿತ್ತು. ಕರೆ ಮಾಡಿದ ವ್ಯಾಪಾರಿ ‘ನಂಗೆ ನೋಟಿಸ್ ಬಂದಿದೆ, ಈಗ ಏನ್ ಮಾಡ್ಲಿ?’ ಎಂದರೆ, ‘ನೋಡಿ, ಇಂಥ ಬಡವರ ಕಣ್ಣೀರು’ ಎಂದು ಮತ್ತೆ ಪಕ್ಷಗಳ ಜಗಳಕ್ಕೇ ಹೊರಳುತ್ತಿದ್ದರು. ಆತ ಕಣ್ಣೀರಿನ ಬಗ್ಗೆ ಕೇಳಿರಲೇ ಇಲ್ಲ.

ನಮ್ಮ ಬಡಾವಣೆಯ ಬೇಕರಿಯವರಿಗೂ ನೋಟಿಸ್ ಬಂದಿತ್ತು. ಟಿ.ವಿ. ನೋಡಿ ನೋಡಿ ಅವರು ಅಂಗಡಿಯನ್ನೇ ಮುಚ್ಚುವ ಮಾತಾಡುತ್ತಿದ್ದರು. ಪರಿಚಯದ ಲೆಕ್ಕಪರಿಶೋಧಕರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಅವರು ನೋಟಿಸ್ ಓದುವ ಮೊದಲೇ ಪ್ರಶ್ನೆ ಕೇಳತೊಡಗಿದರು. ‘ದಿನಕ್ಕೆ ಹಾಲು ಎಷ್ಟು ಹೋಗುತ್ತೆ? ಬ್ರೆಡ್ ಎಷ್ಟು? ಸಿಗರೇಟ್ ಇಡ್ತೀರಾ? ಈ ಖಾತೆಗೆ ಮನೆ ದುಡ್ಡೂ ಬರುತ್ತಾ?’ ಮಗಳ ಮದುವೆಗೆಂದು ಭಾವಮೈದುನ ಕಳಿಸಿದ ಹಣವೂ ಅದೇ ಕ್ಯೂಆರ್ ಕೋಡಿಗೆ ಬಂದಿತ್ತು. ಅದನ್ನು ತೆಗೆದಿಟ್ಟರು. ಹಾಲು, ಬ್ರೆಡ್ಡಿಗೆ ತೆರಿಗೆಯೇ ಇಲ್ಲ, ಅದನ್ನು ಬೇರೆ ಬರೆದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ ಎಂದರು. ಆ ಮಿತಿಗೆ ಎಲ್ಲ ಮಾರಾಟವೂ ಸೇರುತ್ತದೆ, ತೆರಿಗೆ ಬೀಳುವುದು ಮಾತ್ರ ತೆರಿಗೆಯುಳ್ಳ ಸರಕಿನ ಮೇಲೆ ಎಂದು ಬಿಡಿಸಿ ಹೇಳಿದರು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಗೆ ಸೇರಿ ಶೇ 1ರಷ್ಟು ಕಟ್ಟಬಹುದು ಎಂಬುದನ್ನೂ ತಿಳಿಸಿದರು. ‘ನೋಟಿಸ್ ಅಂದ್ರೆ ತೀರ್ಪು ಅಲ್ಲ ಸ್ವಾಮಿ, ನಿಮ್ಮನ್ನ ಕೇಳಿದ್ದಾರೆ, ಲೆಕ್ಕ ಇಟ್ಟು ಉತ್ತರ ಕೊಡಿ’ ಎಂದರು. ಬೇಕರಿಯವರ ಮುಖಕ್ಕೆ ಜೀವ ಬಂತು. ಆಮೇಲೆ ಸರ್ಕಾರವೇ ಹಳೆಯ ಬಾಕಿಯ ವಿಚಾರದಲ್ಲಿ ಹಿಂದೆ ಸರಿಯಿತು, ಅದು ಬೇರೆ ಮಾತು. ಆ ಸಂಜೆ ಕೆಲಸಕ್ಕೆ ಬಂದದ್ದು ಆ ಉತ್ತರ.

ತಿಳಿದವರ ಗುರುತು ಇದೇ. ಅವರು ಉತ್ತರ ಕೊಡುವ ಮೊದಲು ತಿರುಗಿ ಪ್ರಶ್ನೆ ಕೇಳುತ್ತಾರೆ. ಮರ ಎಷ್ಟು ವರ್ಷದ್ದು, ಮೊದಲ ಔಷಧಿ ಯಾವ ತಿಂಗಳು ಹೊಡೆಸಿದಿರಿ, ಬಸಿಗಾಲುವೆ ಇದೆಯೇ ಎಂದು ಕೇಳದೆ ಕೊಳೆರೋಗದ ಬಗ್ಗೆ ಮಾತಾಡುವವರಿಗೆ ಪಾಠ ಗೊತ್ತಿರಬಹುದು, ತೋಟ ಗೊತ್ತಿರುವುದಿಲ್ಲ.

ತಿಳಿದವರು ಉತ್ತರ ಕೊಡುವ ಜಾಗವನ್ನು ಖಾಲಿ ಬಿಟ್ಟರೆ ಯಾರು ಬಂದು ಕೂರುತ್ತಾರೆಂದು ತಿಳಿಯಲು ಬೆಳಿಗ್ಗೆ ಯಾವ ವಾಹಿನಿ ಹಾಕಿದರೂ ಸಾಕು. ಜ್ಯೋತಿಷಿ ಕೂತಿರುತ್ತಾರೆ. ಅವರು ತಡವರಿಸುವುದಿಲ್ಲ. ಹುಟ್ಟಿದ ದಿನ ಕೇಳುತ್ತಾರೆ, ನಕ್ಷತ್ರ ಕೇಳುತ್ತಾರೆ, ಇಂಥ ವಾರ ಇಂಥ ದೇವರಿಗೆ ಇಷ್ಟು ದೀಪ ಹಚ್ಚಿ, ಇಂಥ ತಿಂಗಳಲ್ಲಿ ಕೆಲಸ ಸಿಗುತ್ತದೆ ಎನ್ನುತ್ತಾರೆ. ಅದು ಸುಳ್ಳು. ಆದರೆ ಕೇಳಿದವರ ಹೆಸರು ಹಿಡಿದು, ಅವರ ಕಷ್ಟಕ್ಕೇ ಹೇಳಿದ ಮಾತು. ಜನ ಮೌಢ್ಯದಲ್ಲಿ ಮುಳುಗಿದ್ದಾರೆಂದು ಸಭೆಗಳಲ್ಲಿ ಕೊರಗುವ ವಿಜ್ಞಾನಿಗಳು ಒಮ್ಮೆ ಯೋಚಿಸಲಿ. ಮಗನಿಗೆ ಕೆಲಸವಿಲ್ಲದ ತಾಯಿ ತನ್ನ ಪ್ರಶ್ನೆಯೊಂದಿಗೆ ನಿಮ್ಮ ಬಳಿ ಬಂದಾಗ ನೀವು ಏನು ಹೇಳಿ ಕಳಿಸಿದಿರಿ?

ಇನ್ನೊಂದು ಗುಂಪು ಜ್ಯೋತಿಷಿಗಳಿಗಿಂತ ಅಪಾಯದ್ದು. ಅರ್ಧ ಗಂಟೆಯ ಸಮಯವನ್ನು ದುಡ್ಡು ಕೊಟ್ಟು ಕೊಂಡು, ಬಿಳಿ ಕೋಟು ತೊಟ್ಟು, ‘ನಿಮ್ಮ ಪ್ರಶ್ನೆಗೆ ವೈದ್ಯರ ಉತ್ತರ’ ಎಂದು ಕೂರುವವರು. ಮಂಡಿನೋವಿಗೂ ಸಕ್ಕರೆ ಕಾಯಿಲೆಗೂ ಅವರ ಉತ್ತರ ಒಂದೇ: ಪರದೆಯ ಮೇಲಿನ ನಂಬರಿಗೆ ಕರೆ ಮಾಡಿ. ಮಧುಮೇಹ ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಪ್ರಶ್ನೋತ್ತರದ ವೇಷ ಹಾಕಿಸಿದರೆ ಜಾಹೀರಾತು ಜಾಹೀರಾತಲ್ಲದೆ ಹೋಗುತ್ತದೆಯೇ? ಇಂಥ ಕಾರ್ಯಕ್ರಮದ ಉದ್ದಕ್ಕೂ ‘ಇದಕ್ಕೆ ಇಂಥವರು ಹಣ ಕೊಟ್ಟಿದ್ದಾರೆ’ ಎಂಬ ಸಾಲು ದೊಡ್ಡ ಅಕ್ಷರದಲ್ಲಿ ಇರಬೇಕು.

ಈ ಅಂಕಣದ ಓದುಗರಿಗೆ ನನ್ನ ಹಳೆಯ ವಾದ ಗೊತ್ತು: ಉತ್ತರ ಬರಹದಲ್ಲಿ ಉಳಿಯಬೇಕು. ಇಂದು ಮತ್ತೆ ಹೇಳುತ್ತೇನೆ. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಶುರುವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಮುನ್ನಡೆಸಿದ ವಿದ್ವಾಂಸರು ಹಳ್ಳಿಯ ಮೇಷ್ಟ್ರು, ವಿದ್ಯಾರ್ಥಿ, ಗುಮಾಸ್ತ, ಯಾರು ಯಾವ ಪದ ಹಿಡಿದು ಬಂದರೂ ಅವರಿಗೆಂದೇ ಉತ್ತರ ಬರೆದರು. ವಿಶ್ವವಿದ್ಯಾಲಯವನ್ನು ಸಂಪರ್ಕಿಸಿ ಎನ್ನಲಿಲ್ಲ. ಆ ಉತ್ತರಗಳು ಪುಸ್ತಕಗಳಾಗಿ ನಿಂತಿವೆ. 107 ವರ್ಷ ಬದುಕಿ 2021ರಲ್ಲಿ ಅವರು ತೀರಿಕೊಂಡ ಮೇಲೂ ಆ ಪುಟಗಳು ಕೆಲಸ ಮಾಡುತ್ತಿವೆ. ಅಚ್ಚಾಗುತ್ತದೆಂದು ಗೊತ್ತಿದ್ದವರು ಹುಡುಕಿ ನೋಡಿ ಬರೆಯುತ್ತಾರೆ. ಗಾಳಿಗೆ ಹೋಗುತ್ತದೆಂದು ಗೊತ್ತಿದ್ದವರು ಬಾಯಿಗೆ ಬಂದದ್ದು ಹೇಳುತ್ತಾರೆ.

ವ್ಯವಸ್ಥೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್‌ಗೆ 1800-180-1551ರಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಕೇಳಬಹುದು. ಕರೆ ಎತ್ತಿದವರಿಗೆ ಉತ್ತರ ತಿಳಿಯದಿದ್ದರೆ ಮೇಲಿನ ಹಂತದ ತಜ್ಞರಿಗೆ ದಾಟಿಸಬೇಕು ಎಂಬುದು ಅಲ್ಲಿನ ಪದ್ಧತಿ. ರೈತರ ಪ್ರಶ್ನೆಗಳು ಅಲ್ಲಿ ದಾಖಲಾಗುತ್ತವೆ. ಮನಸ್ಸಿನ ಸಂಕಟಕ್ಕೆ 2022ರ ಅಕ್ಟೋಬರ್ 10ರಂದು ಬಂದ ಟೆಲಿ-ಮಾನಸ್, 14416, ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲೇ ನಡೆಯುತ್ತದೆ. ಅಲ್ಲಿಯೂ ಆಪ್ತಸಮಾಲೋಚಕರಿಂದ ಆಗದ್ದು ತಜ್ಞರಿಗೆ ಹೋಗುತ್ತದೆ. ‘ನನಗೆ ಗೊತ್ತಿಲ್ಲ, ಗೊತ್ತಿರುವವರಿಗೆ ಕೊಡುತ್ತೇನೆ’ ಎನ್ನುವುದಕ್ಕೆ ಈ ಎರಡು ಕಡೆ ದಾರಿ ಮಾಡಿಟ್ಟಿದ್ದಾರೆ. ಫೋನ್-ಇನ್ ನಡೆಸುವ ಬಾನುಲಿ, ವಾಹಿನಿ, ಪತ್ರಿಕೆ, ಜಿಲ್ಲಾಡಳಿತಗಳು ಇದನ್ನೇ ಏಕೆ ಮಾಡಬಾರದು? ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ವಾರದ ಕಾರ್ಯಕ್ರಮ ಅವುಗಳ ಉತ್ತರದಿಂದಲೇ ಶುರುವಾಗಲಿ. ಉತ್ತರಗಳನ್ನು ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ.

ಫೋನಿನಲ್ಲಿ ಎಲ್ಲವನ್ನೂ ಹೇಳಲಾಗದು, ನಾಳೆ ತಪ್ಪಾದರೆ ನಮ್ಮ ತಲೆಗೆ ಬರುತ್ತದೆ ಎಂದು ವೈದ್ಯ ಮಿತ್ರರು ಹೇಳುತ್ತಾರೆ. ಒಪ್ಪುತ್ತೇನೆ. ಕಣ್ಣಿಗೆ ಕಾಣದ ರೋಗಿಗೆ ಮಾತ್ರೆಯ ಹೆಸರು ಹೇಳುವುದು ಬೇಡ. ಆದರೆ ಮಗುವಿಗೆ ಡೆಂಗಿ ಜ್ವರವೆಂದು ತಾಯಿ ಹೆದರಿ ಕೇಳಿದಾಗ ಹೇಳಲು ಮಾತುಗಳಿವೆ: ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ತೀರಾ ಮಂಕು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ಜ್ವರ ಬಿಟ್ಟಿತೆಂದು ಮೈಮರೆಯಬೇಡಿ, ಅಪಾಯ ಆಗಲೇ ಹೆಚ್ಚು. ಮಾತ್ರೆಯ ಹೆಸರಿಲ್ಲದ ಈ ಉತ್ತರ ಒಂದು ಜೀವ ಉಳಿಸಬಲ್ಲದು. ‘ವೈದ್ಯರನ್ನು ಸಂಪರ್ಕಿಸಿ’ ಎಂಬ ಬರೀ ಮಾತು ಆ ರಾತ್ರಿ ಯಾರನ್ನೂ ಉಳಿಸುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾರಾದರೂ ನಿಮಗೆ ‘ಸಂಬಂಧಪಟ್ಟವರನ್ನು ಸಂಪರ್ಕಿಸಿ’ ಎಂದರೆ ಫೋನ್ ಇಡಬೇಡಿ. ಯಾವ ಕಚೇರಿ, ಯಾವ ಅಧಿಕಾರಿ, ಯಾವ ದಾಖಲೆ ತರಬೇಕು, ಎಷ್ಟು ದಿನಕ್ಕೆ ಆಗುತ್ತದೆ, ಈ ನಾಲ್ಕನ್ನೂ ಅಲ್ಲೇ ಕೇಳಿ. ಜನರ ತೆರಿಗೆಯಲ್ಲಿ ಓದಿ, ಜನರ ತೆರಿಗೆಯಲ್ಲೇ ಸಂಬಳ ಪಡೆಯುವವರು ಜನರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆಗುವುದಿಲ್ಲವೆಂದರೆ ಮೈಕಿನ ಮುಂದಿನ ಆ ಕುರ್ಚಿಯನ್ನು ಬಿಟ್ಟು ಏಳಲಿ, ತೋಟದಲ್ಲಿ ಕೊನೆ ಕೊಯ್ದು ಕೈ ಪಳಗಿದವರನ್ನು ಅಲ್ಲಿ ಕೂರಿಸೋಣ.