ಕೇದಾರದ ದಾರಿಯ ಹಿಮ

ಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ಸನ್ನಿಧಿಯಲ್ಲಿ ಕೇದಾರನಾಥನ ಬಾಗಿಲು ತೆರೆಯುವ ದಿನವನ್ನು ಸಾರುವುದು ವಾಡಿಕೆ. ಅಲ್ಲಿಂದ ಮುಂದೆ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಮನೆಗಳಲ್ಲಿ ಯಾತ್ರೆಯ ಮಾತು ಮೊದಲಾಗುತ್ತದೆ. ಅಲ್ಲಿಯ ರಾವಲರು ಕನ್ನಡ ನಾಡಿನ ವೀರಶೈವ ಪರಂಪರೆಯವರಾದ್ದರಿಂದ ಆ ದೂರದ ಗುಡಿ ನಮ್ಮವರಿಗೆ ಪರಕೀಯವೆನಿಸದು. ಬಾಗಿಲು ತೆರೆದ ದಿನವೇ ದರ್ಶನವಾಗಬೇಕೆಂಬ ಹಂಬಲ ಹಿರಿಯರಲ್ಲಿ ಬಹಳ. ಅಂಥವರು ದಿನದಷ್ಟೇ ಹೊತ್ತನ್ನೂ ವಿಚಾರಿಸಬೇಕೆಂಬುದು ನಮ್ಮ ಬಿನ್ನಹ.

ನಮ್ಮ ಸೀಮೆಗೆ ಹಿಮದ ಪರಿಚಯವಿಲ್ಲ. ಸಮೀಪದ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಅಲ್ಲಿ ಮಂಜು ಮುಸುಕೀತೇ ಹೊರತು ಹಿಮ ಬೀಳದು. ಕೇದಾರವಾದರೋ 3,583 ಮೀಟರ್. ಏಪ್ರಿಲ್, ಮೇ ತಿಂಗಳಲ್ಲೂ ಪಶ್ಚಿಮದಿಂದ ಬರುವ ಮೋಡಗಳು ಹಳೆಯ ಹಿಮದ ಮೇಲೆ ಹೊಸದನ್ನು ಸುರಿಯುತ್ತವೆ. 2023ರಲ್ಲಿ ಏಪ್ರಿಲ್ 25ರಂದು ಬಾಗಿಲು ತೆರೆಯಿತು. ಮೇ ಮೊದಲ ವಾರದಲ್ಲಿ ಭೈರವ, ಕುಬೇರ ಎಂಬ ಕೊರಕಲುಗಳಲ್ಲಿ ಹಿಮ ಜಾರಿ ಬಂದು ದಾರಿ ಮುಚ್ಚಿತು.

ಬಿರುಗಾಳಿಯ ಹೊತ್ತಿನಲ್ಲಿ ಮಾತ್ರ ಹಿಮ ಕುಸಿಯುವುದೆಂದು ಜನ ಭಾವಿಸುತ್ತಾರೆ. ವಸಂತದಲ್ಲಿ ಹಾಗಲ್ಲ. ಮಳೆಗೆ ನೆನೆದ ಮಣ್ಣುಗೋಡೆ ಮಳೆ ನಿಂತು ಬಿಸಿಲು ಬಂದ ಮೇಲೆ ಕುಸಿಯುವುದನ್ನು ಹಳ್ಳಿಯವರು ಕಂಡಿದ್ದಾರಷ್ಟೆ. ಹಿಮದ ರಾಶಿಯೂ ಪದರ ಪದರವಾಗಿರುತ್ತದೆ. ಬಿಸಿಲಿಗೆ ಮೇಲಿನದು ಕರಗಿ ನೀರು ಒಳಗಿಳಿಯುತ್ತದೆ. ಹರಳುಗಳ ಹಿಡಿತ ಸಡಿಲಗೊಂಡು, ಕೆಳಗಿನ ಗಟ್ಟಿ ಪದರದ ಮೇಲೆ ಮೇಲಿನದೆಲ್ಲ ಒಮ್ಮೆಲೇ ಜಾರುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಈ ಅಪಾಯ ಹೆಚ್ಚು. ರಾತ್ರಿಯ ಚಳಿಗೆ ಅದೇ ಹಿಮ ಕಲ್ಲಾಗುವುದರಿಂದ ಬೆಳಗಿನ ಜಾವ ಕ್ಷೇಮಕರ, ಮಧ್ಯಾಹ್ನ ಅಪಾಯಕರ. ಇನ್ನೊಂದು ಸೂಕ್ಷ್ಮವುಂಟು: ರಾತ್ರಿಯಿಡೀ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟದು, ಅಂದು ಬೆಳಗನ್ನೂ ನಂಬಲಾಗದು.

ಗೌರೀಕುಂಡದಿಂದ ಗುಡಿಗೆ ಸುಮಾರು 16 ಕಿಲೋಮೀಟರ್ ಏರುದಾರಿ. ನಸುಕಿನಲ್ಲೇ ಹೊರಟರೂ ವಯಸ್ಸಾದವರು ಮೇಲಿನ ಕೊರಕಲುಗಳನ್ನು ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಹೋಗುವವರು ನಡುವೆ ಲಿಂಚೋಲಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಮುಂದುವರಿಯುವುದು ಲೇಸು. ಮೇ ಕೊನೆಗೆ ಹೋಗುವುದಂತೂ ಇನ್ನೂ ಲೇಸು. ದರ್ಶನದ ಫಲ ಅದರಿಂದ ಕಡಿಮೆಯಾಗದು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ನಮ್ಮ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶರೂ ಇದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರು ದಿನಗಳ ಮೇಲೆ ಜೀವಂತವಾಗಿ ದೊರೆತರೂ 11ರಂದು ದೆಹಲಿಯಲ್ಲಿ ತೀರಿಕೊಂಡರು. ಪರ್ವತದ ಪಳಗಿಕೆಯಿದ್ದವರಿಗೇ ಹೀಗಾಯಿತು. ಅವರು ಕರ್ತವ್ಯದಿಂದ ಅಲ್ಲಿ ನಿಲ್ಲಲೇಬೇಕಿತ್ತು; ಯಾತ್ರಿಕನಿಗೆ ಅಂಥ ನಿರ್ಬಂಧವಿಲ್ಲ.

ದಾರಿಯಲ್ಲಿ ಪೊಲೀಸರು ತಡೆದರೆ ವಾದಿಸದೆ ಗುಪ್ತಕಾಶಿಯಲ್ಲೋ ಸೋನಪ್ರಯಾಗದಲ್ಲೋ ಉಳಿಯಬೇಕು. ಎಷ್ಟೋ ಮಂದಿ ನುಗ್ಗಿ ಹೋಗುವುದು ಭಕ್ತಿಯಿಂದಲ್ಲ, ಮರಳುವ ರೈಲು ತಪ್ಪೀತೆಂಬ ಭಯದಿಂದ. ಟಿಕೆಟು ಕೊಳ್ಳುವಾಗಲೇ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿರಿ.